ಪಿರನೀಸ್ ಸೈಕಲ್ ದಾರಿ: ಕಡಲಿನಿಂದ ಕಡಲಿಗೆ

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಪರ್ವತಸಾಲಿನ ಉತ್ತರ ಮಗ್ಗುಲಲ್ಲಿ, ಅಟ್ಲಾಂಟಿಕ್ ತೀರದ ಆಂದಾಯ್ ಊರಿನಿಂದ ಮೆಡಿಟರೇನಿಯನ್ ತೀರದ ಸೆರ್ಬೇರ್ ಊರಿನವರೆಗೆ ಸಾಗುವ ಸೈಕಲ್ ಸವಾರಿಯ ದಾರಿ. ಉದ್ದ ಸುಮಾರು 720 ಕಿ.ಮೀ. ಇದು ಒಬ್ಬರು ಯೋಜಿಸಿ ಒಂದೇ ಸಲ ಕಟ್ಟಿದ ರಸ್ತೆಯಲ್ಲ. ಕುರಿಗಾಹಿಗಳ ಜಾಡು, ಬಿಸಿನೀರಿನ ಬುಗ್ಗೆಗಳಿಗೆ ರೋಗಿಗಳನ್ನು ಒಯ್ಯಲು ಮಾಡಿದ ಗಾಡಿದಾರಿ, ಊರಿನಿಂದ ಊರಿಗೆ ಹೋಗುವ ಸಣ್ಣ ರಸ್ತೆ, ಇವನ್ನೆಲ್ಲ ಪೋಣಿಸಿ ಒಂದು ದಾರಿಯೆಂದು ಕಂಡವರು ಸೈಕಲ್ ಸವಾರರು. ಜಗತ್ತಿಗೆ ಇದರ ಹೆಸರು ಮುಟ್ಟಿದ್ದು ಟೂರ್ ದ ಫ್ರಾನ್ಸ್ ಸ್ಪರ್ಧೆಯ ಮೂಲಕ. ಆದರೆ ಸ್ಪರ್ಧೆ ಬರುವ ಮೊದಲೇ ಇಲ್ಲಿ ಸೈಕಲ್ ಹತ್ತಿತ್ತು. ಈ ದಾರಿಯ ಇತಿಹಾಸವನ್ನು ಓಟಗಾರರಿಂದ ಆರಂಭಿಸುವುದು ವಾಡಿಕೆ; ನಿಜವಾಗಿ ಅದು ಆರಂಭವಾಗುವುದು ನಿಧಾನಿಗಳಿಂದ.

ದಾರಿ ಇಷ್ಟು ಚೆಲುವಾಗಿರಲು, ಇಷ್ಟು ಕಷ್ಟವಾಗಿರಲು ಕಾರಣ ಒಂದೇ: ನೆಲದ ರಚನೆ. ಪಿರನೀಸ್ ಪೂರ್ವ-ಪಶ್ಚಿಮವಾಗಿ ಮಲಗಿದೆ. ಅದರಿಂದ ಹುಟ್ಟುವ ಹೊಳೆಗಳು, ಓಸೋ, ಪೋ, ಅದೂರ್, ಗಾರೋನ್, ಆರಿಯೇಜ್, ಉತ್ತರಕ್ಕೆ ಹರಿಯುತ್ತವೆ. ಒಂದೊಂದು ಹೊಳೆಗೂ ಒಂದೊಂದು ಕಣಿವೆ. ಎರಡು ಕಣಿವೆಗಳ ನಡುವೆ ಒಂದು ಬೆಟ್ಟದ ಏಣು. ಕಣಿವೆಯ ಉದ್ದಕ್ಕೂ ಹೋಗುವವನಿಗೆ ದಾರಿ ಸಲೀಸು. ಕಡಲಿನಿಂದ ಕಡಲಿಗೆ ಹೋಗುವವನು ಮಾತ್ರ ಪ್ರತಿ ಏಣನ್ನೂ ಹತ್ತಿ ಇಳಿಯಬೇಕು. ಹತ್ತಿದಾಗಲೆಲ್ಲ ಹೊಸ ಕಣಿವೆ ತೆರೆದುಕೊಳ್ಳುತ್ತದೆ, ಊರ ಚಾವಣಿಯ ಕಲ್ಲು ಬದಲಾಗುತ್ತದೆ, ಮಾತಿನ ಧಾಟಿ ಬದಲಾಗುತ್ತದೆ: ಪಶ್ಚಿಮದಲ್ಲಿ ಬಾಸ್ಕ್, ನಡುವೆ ಗ್ಯಾಸ್ಕನ್, ಪೂರ್ವದಲ್ಲಿ ಕ್ಯಾಟಲನ್. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಬಲ್ಲ ನಮಗೆ ಘಟ್ಟವೆಂದರೆ ಒಮ್ಮೆ ಇಳಿದರೆ ಕರಾವಳಿ. ಪಿರನೀಸಿನಲ್ಲಿ ಹಾಗಲ್ಲ, ಇಳಿದದ್ದೆಲ್ಲ ಮತ್ತೆ ಹತ್ತುವುದಕ್ಕೇ.

ನಡುಭಾಗದ ನಾಲ್ಕು ಘಾಟಿಗಳು ಈ ದಾರಿಯ ಬೆನ್ನೆಲುಬು. ಪಶ್ಚಿಮದಿಂದ ಬರುವಾಗ ಮೊದಲು 1709 ಮೀಟರ್ ಎತ್ತರದ ಓಬಿಸ್ಕ್, ಬಳಿಕ 2115 ಮೀಟರಿನ ತೂರ್ಮಲೆ, ಆಮೇಲೆ 1489 ಮೀಟರಿನ ಆಸ್ಪ್ಯಾಂ, ಕೊನೆಗೆ 1569 ಮೀಟರಿನ ಪೇರ್‌ಸೂರ್ದ್. ತೂರ್ಮಲೆ ಎಂಬ ಹೆಸರಿನಲ್ಲಿ ಕನ್ನಡದ ಕಿವಿಗೆ ‘ಮಲೆ’ ಕೇಳಿಸಿದರೂ ಅದು ಬರೀ ಧ್ವನಿಯ ಕಾಕತಾಳೀಯ. ‘ಕೆಟ್ಟ ಸುತ್ತು’ ಎಂದು ಜನ ಹೇಳುವ ಅರ್ಥವನ್ನೂ ಭಾಷಾವಿದರು ಒಪ್ಪುವುದಿಲ್ಲ.

ಈ ಘಾಟಿಗಳಿಗೆ ಹೊರಗಿನವರನ್ನು ಮೊದಲು ಕರೆತಂದದ್ದು ಬಿಸಿನೀರು. ಬಾರೇಜ್ ಊರಿನ ಗಂಧಕದ ಬುಗ್ಗೆಗಳಲ್ಲಿ ಮಿಂದರೆ ಗಾಯ ಮಾಯುತ್ತದೆಂಬ ನಂಬಿಕೆ ಹಳೆಯದು. 1675ರಲ್ಲಿ 14ನೇ ಲೂಯಿಯ ಮಗನಾದ, ಕಾಲಿನ ಊನವಿದ್ದ ಮೇನ್ ಪ್ರಾಂತದ ಎಳೆಯ ಡ್ಯೂಕನನ್ನು ಅವನ ಪಾಲಕಿ ಮದಾಂ ದ ಮ್ಯಾಂತನೋಂ ಚಿಕಿತ್ಸೆಗೆಂದು ಬಾರೇಜಿಗೆ ಕರೆತಂದಳು. ಅವರು ಹಾದುಬಂದದ್ದು ತೂರ್ಮಲೆಯ ಜಾಡನ್ನೇ. ಸುಮಾರು ಎರಡು ಶತಮಾನದ ನಂತರ 3ನೇ ನೆಪೋಲಿಯನ್ ಮತ್ತು ರಾಣಿ ಯೂಜೆನಿ ಬುಗ್ಗೆಗಳ ಊರುಗಳ ಮೇಲೆ ಒಲವು ತಳೆದರು. ಅವರು 1859ರಲ್ಲಿ ಸ್ಯಾಂ-ಸೋವರ್‌ನಲ್ಲಿ ತಂಗಿದ್ದರು. ಓ-ಬೊನ್, ಲ್ಯೂಜ್, ಬಾರೇಜ್, ಬಾನ್ಯೇರ್, ಲ್ಯೂಶೋಂ ಊರುಗಳನ್ನು ಒಂದಕ್ಕೊಂದು ಜೋಡಿಸುವ ಗಾಡಿದಾರಿ ಅವರ ಕಾಲದಲ್ಲೇ ಆಯಿತು. ಫ್ರೆಂಚರು ಅದನ್ನು ‘ರೂತ್ ತೆರ್ಮಾಲ್’, ಅಂದರೆ ಬಿಸಿನೀರಿನ ದಾರಿ, ಎಂದು ಕರೆದರು. ತೂರ್ಮಲೆಯ ಮೇಲಿನ ರಸ್ತೆ 1864ರಲ್ಲಿ ಸಿದ್ಧವಾಯಿತು. ಕುದುರೆಗಾಡಿಯಲ್ಲಿ ಕುಳಿತ ರೋಗಿಗೆ ಕುಲುಕಾಟ ತಟ್ಟಬಾರದು, ಕುದುರೆಗೆ ಉಸಿರು ಕಟ್ಟಬಾರದು. ಹಾಗಾಗಿ ರಸ್ತೆ ನೇರವಾಗಿ ಬೆಟ್ಟ ಹತ್ತದೆ ಬಳಸಿ ಬಳಸಿ ಏರಿತು. ಇವತ್ತು ಸವಾರರು ಪ್ರೀತಿಸುವ ತಿರುವುಗಳನ್ನು ಕೊಟ್ಟದ್ದು ಆ ಲೆಕ್ಕಾಚಾರವೇ.

ಸೈಕಲ್ ಪ್ರವಾಸದ ಸಂಘಟನೆ ಮೊದಲು ಕಂಡದ್ದು ಇಂಗ್ಲೆಂಡಿನಲ್ಲಿ. ಅಲ್ಲಿ 1878ರಲ್ಲಿ ಹುಟ್ಟಿದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ಬಿನ ಮಾದರಿಯಲ್ಲಿ 1890ರಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಸ್ಥಾಪನೆಯಾಯಿತು. ಆದರೆ ಬೆಟ್ಟದ ಸವಾರಿಗೆ ಒಂದು ಮನಸ್ಸು, ಒಂದು ಯಂತ್ರ ಎರಡನ್ನೂ ಕೊಟ್ಟವನು ಪಾಲ್ ದ ವಿವಿ. 1853ರಲ್ಲಿ ಹುಟ್ಟಿದ ಈತ ಸ್ಯಾಂತ್-ಎತಿಯೆನ್ ನಗರದ ರೇಷ್ಮೆ ವ್ಯಾಪಾರಿ. ಮೂವತ್ತರ ಆಸುಪಾಸಿನಲ್ಲಿ ಸೈಕಲ್ಲಿನ ಹುಚ್ಚು ಹಿಡಿಯಿತು, ರೇಷ್ಮೆ ಬಿಟ್ಟ. 1887ರಲ್ಲಿ ಅವನು ಆರಂಭಿಸಿದ ಪತ್ರಿಕೆಯೇ ಮುಂದೆ ‘ಲ ಸಿಕ್ಲಿಸ್ತ್’ ಎಂದು ಹೆಸರಾಯಿತು. ವೆಲೋಸಿಯೊ ಎಂಬ ಕಾವ್ಯನಾಮದಲ್ಲಿ ಅವನು ದಶಕಗಳ ಕಾಲ ಬರೆದ. ದಣಿಯುವ ಮೊದಲೇ ವಿಶ್ರಮಿಸು, ಹಸಿಯುವ ಮೊದಲೇ ತಿನ್ನು, ಬರೀ ಜಂಬಕ್ಕಾಗಿ ಪೆಡಲ್ ತುಳಿಯಬೇಡ ಎಂಬ ಅವನ ಉಪದೇಶದ ಸಾರ ಇಂದಿಗೂ ದೂರದ ಸವಾರರ ಬಾಯಲ್ಲಿದೆ. ಮಾಂಸ ತಿನ್ನದ, ಮುಂಜಾನೆ ಬೇಗ ಹೊರಟು ಇಡೀ ದಿನ ತುಳಿಯುತ್ತಿದ್ದ ಈ ಮನುಷ್ಯ ಒಂದು ಸರಳ ಪ್ರಶ್ನೆ ಕೇಳಿಕೊಂಡ: ಸಮತಟ್ಟಿಗೂ ಏರಿಗೂ ಒಂದೇ ಹಲ್ಲುಚಕ್ರ ಏಕೆ?

ಪ್ರಶ್ನೆ ಸಣ್ಣದಲ್ಲ. ಅಂದಿನ ಸೈಕಲ್ಲಿಗೆ ಇದ್ದದ್ದು ಒಂದೇ ಗೇರ್. ಸಮತಟ್ಟಿನಲ್ಲಿ ಓಡಲು ಸಾಕಾಗುವಷ್ಟು ದೊಡ್ಡದಿದ್ದರೆ ಏರಿನಲ್ಲಿ ಕಾಲು ಕಟ್ಟಿಹೋಗುತ್ತದೆ. ಏರಿಗೆ ತಕ್ಕಷ್ಟು ಚಿಕ್ಕದಿದ್ದರೆ ಸಮತಟ್ಟಿನಲ್ಲಿ ಕಾಲು ಗಿರಗಿರನೆ ತಿರುಗಿದರೂ ಗಾಡಿ ಓಡದು. ವೆಲೋಸಿಯೊ ಎರಡು ಚೈನು ಹಾಕಿ ನೋಡಿದ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಉಪಾಯಗಳನ್ನು ತನ್ನೂರಿನ ಹಿಂದಿನ 1161 ಮೀಟರಿನ ರಿಪಬ್ಲಿಕ್ ಘಾಟಿಯಲ್ಲಿ ಪರೀಕ್ಷಿಸಿದ. ಗೇರ್ ಬಂದರೆ ಬೆಟ್ಟ ಬಲಶಾಲಿಗಳ ಸ್ವತ್ತಾಗಿ ಉಳಿಯುವುದಿಲ್ಲ ಎಂಬುದು ಅವನಿಗೆ ಕಂಡಿತ್ತು. 1902ರಲ್ಲಿ ಟೂರಿಂಗ್ ಕ್ಲಬ್ ಪ್ರವಾಸಿ ಸೈಕಲ್ಲುಗಳ ಪರೀಕ್ಷೆಯನ್ನು ತೂರ್ಮಲೆಯ ಮೇಲೇ ಏರ್ಪಡಿಸಿತು. ಅಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ ಘಾಟಿ ಏರಿದಳು. ಟೂರ್ ದ ಫ್ರಾನ್ಸ್ ಇನ್ನೂ ಹುಟ್ಟಿರಲಿಲ್ಲ; ಓಟಗಾರರು ಈ ಘಾಟಿಗೆ ಬರಲು ಇನ್ನೂ ಎಂಟು ವರ್ಷ ಬಾಕಿ ಇತ್ತು.

ಆ ಓಟವನ್ನು 1903ರಲ್ಲಿ ಆರಂಭಿಸಿದ ‘ಲೋಟೊ’ ಪತ್ರಿಕೆಯ ಸಂಪಾದಕ ಅಂರಿ ದೆಗ್ರಾಂಜ್‌ಗೆ ಗೇರ್ ಹಿಡಿಸಲಿಲ್ಲ. ಅದು ವಯಸ್ಸಾದವರಿಗೆ ಸರಿ, ಓಟವನ್ನು ಗೆಲ್ಲಬೇಕಾದ್ದು ಮಾಂಸಖಂಡ ಎಂಬುದು ಅವನ ನಿಲುವು. ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಡಿರೇಲರ್ ಗೇರಿಗೆ ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ವರ್ಷ ಓಟಗಾರರು ಏರಿನ ಬುಡದಲ್ಲಿ ನಿಂತು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಕೂರಿಸಿಕೊಳ್ಳಬೇಕಿತ್ತು. ಪ್ರವಾಸಿಗಳ ಕೈಯಲ್ಲಿದ್ದ ಅನುಕೂಲ ಓಟಗಾರರಿಗೆ ನಿಷಿದ್ಧವಾಗಿದ್ದ ಆ ಕಾಲವನ್ನು ನೆನೆಯದೆ ಈ ಘಾಟಿಗಳ ಕ್ರೀಡಾ ಇತಿಹಾಸ ಅರ್ಥವಾಗುವುದಿಲ್ಲ.

ಓಟವನ್ನು ಪಿರನೀಸಿಗೆ ತರುವ ಹಟ ಹಿಡಿದವನು ಅದೇ ಪತ್ರಿಕೆಯ ಆಲ್ಫೋನ್ಸ್ ಸ್ಟೈನೆಸ್. 1910ರಲ್ಲಿ, ಹಿಮ ಇನ್ನೂ ಕರಗದಿದ್ದಾಗ, ಅವನು ದಾರಿ ನೋಡಲು ಬಾಡಿಗೆ ಕಾರಿನಲ್ಲಿ ತೂರ್ಮಲೆ ಹತ್ತಿದ. ನೆತ್ತಿ ತಲುಪುವ ಮೊದಲೇ ಕಾರು ಹಿಮದಲ್ಲಿ ಹೂತಿತು. ಕತ್ತಲಲ್ಲಿ ನಡೆದುಕೊಂಡೇ ಮುಂದುವರಿದ. ದಾರಿ ತಪ್ಪಿದ, ಜಾರಿ ಬಿದ್ದ. ಹುಡುಕಿಕೊಂಡು ಬಂದವರು ಅವನನ್ನು ನಟ್ಟಿರುಳಿನ ಆಚೆ ಬಾರೇಜಿಗೆ ಕರೆದೊಯ್ದರು. ಆಮೇಲೆ ಪ್ಯಾರಿಸ್ಸಿಗೆ ಹೋದ ತಂತಿ ಸಂದೇಶದ ಸಾರ ಇಷ್ಟೇ: ತೂರ್ಮಲೆ ದಾಟಿದೆ, ರಸ್ತೆ ಬಹಳ ಚೆನ್ನಾಗಿದೆ, ಓಟಕ್ಕೆ ಅಡ್ಡಿಯಿಲ್ಲ.

1910ರ ಜುಲೈ 21ರಂದು ಲ್ಯೂಶೋಂನಿಂದ ಬಾಯೊನ್‌ವರೆಗೆ 326 ಕಿ.ಮೀ. ಹಂತ ನಡೆಯಿತು. ಪೇರ್‌ಸೂರ್ದ್, ಆಸ್ಪ್ಯಾಂ, ತೂರ್ಮಲೆ, ಓಬಿಸ್ಕ್ ನಾಲ್ಕೂ ಒಂದೇ ದಿನ. ರಸ್ತೆಗೆ ಟಾರು ಇರಲಿಲ್ಲ. ಕಲ್ಲು, ಕೆಸರು, ಹೋರಿಗಾಡಿಯ ಗಾಲಿಯ ಗೆರೆ. ಆಕ್ಟಾವ್ ಲಾಪೀಜ್ ಒಮ್ಮೆ ತುಳಿಯುತ್ತ, ಒಮ್ಮೆ ಸೈಕಲ್ ತಳ್ಳುತ್ತ ತೂರ್ಮಲೆಯ ನೆತ್ತಿಯನ್ನು ಮೊದಲಿಗನಾಗಿ ಮುಟ್ಟಿದ. ಅವನ ಹಿಂದೆ ಬಂದ ಗುಸ್ತಾವ್ ಗಾರಿಗೂ ನೆಲಕ್ಕೆ ಕಾಲೂರದೆ ಏರಿದ. ಓಬಿಸ್ಕ್‌ನಲ್ಲಿ ಲಾಪೀಜ್ ಸಂಘಟಕರನ್ನು ಕಂಡು ‘ಕೊಲೆಗಡುಕರು’ ಎಂದು ಕೂಗಿದ್ದು ಪ್ರಸಿದ್ಧ. ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ಸೈಕಲ್ಲಿನ ಮೇಲಿದ್ದ ಅವನು ಆ ಹಂತವನ್ನೂ ಗೆದ್ದ, ಆ ವರ್ಷದ ಟೂರ್ ಅನ್ನೂ ಗೆದ್ದ. ಏಳು ವರ್ಷದ ನಂತರ ಮೊದಲ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ ಹೋರಾಡುತ್ತ ಮಡಿದ.

ಮೂರು ವರ್ಷ ಕಳೆದು, 1913ರಲ್ಲಿ, ಯೂಜೆನ್ ಕ್ರಿಸ್ತೋಫ್ ತೂರ್ಮಲೆ ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬುದು ನಿಯಮ. ಸೈಕಲ್ ಹೆಗಲಿಗೇರಿಸಿ ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಸ್ಯಾಂತ್-ಮಾರಿ-ದ-ಕಾಂಪಾಂ ಹಳ್ಳಿಯ ಕಮ್ಮಾರನ ಕುಲುಮೆ ತಲುಪಿದ. ಕಮ್ಮಾರ ಹೇಗೆಂದು ಹೇಳಿಕೊಟ್ಟ. ಕಬ್ಬಿಣ ಕಾಯಿಸಿ ಬಡಿದು ಬೆಸೆದವನು ಕ್ರಿಸ್ತೋಫನೇ. ಆದರೆ ಎರಡೂ ಕೈಗೆ ಕೆಲಸವಿದ್ದುದರಿಂದ ತಿದಿ ಒತ್ತಲು ಒಬ್ಬ ಹುಡುಗ ನೆರವಾದ. ಅದಕ್ಕಾಗಿ ಕ್ರಿಸ್ತೋಫನಿಗೆ ದಂಡವಾಗಿ ಹೆಚ್ಚುವರಿ ನಿಮಿಷಗಳು ಬಿದ್ದವು. ಅವನು ಗಂಟೆಗಟ್ಟಲೆ ಹಿಂದೆ ಬಿದ್ದಾಗಿತ್ತು, ಆದರೂ ಹಂತ ಮುಗಿಸಿದ. ಕುಲುಮೆ ಇದ್ದ ಜಾಗದಲ್ಲಿ ಈಗ ಸ್ಮಾರಕ ಫಲಕವಿದೆ. ಘಾಟಿಯ ಬುಡದ ಆ ಹಳ್ಳಿಯಲ್ಲಿ ಏರುವ ಮುನ್ನ ನೀರು ತುಂಬಿಕೊಳ್ಳಲು ನಿಲ್ಲುವ ಸವಾರರು ಅದನ್ನು ಓದದೆ ಮುಂದೆ ಹೋಗುವುದು ಕಡಿಮೆ.

ಸಾಮಾನ್ಯ ಜನ ಸೈಕಲ್ಲಿನಲ್ಲಿ ಕಡಲು, ಬೆಟ್ಟ ನೋಡಲು ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು 1936ರ ನಂತರ. ಆ ವರ್ಷ ಪಾಪ್ಯುಲರ್ ಫ್ರಂಟ್ ಸರ್ಕಾರ ದುಡಿಯುವವರಿಗೆಲ್ಲ ಎರಡು ವಾರದ ಸಂಬಳಸಹಿತ ರಜೆ ಕೊಟ್ಟಿತು. ರಜೆಗೆ ಹೊರಟವರಿಗೆ ರೈಲು ಟಿಕೆಟಿನಲ್ಲಿ ಶೇ. 40 ರಿಯಾಯಿತಿಯೂ ಸಿಕ್ಕಿತು. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡಹೆಂಡಿರು ಇಬ್ಬರೂ ತುಳಿಯುವ ಟ್ಯಾಂಡಮ್ ಸೈಕಲ್ಲಿನ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಟ ಚಿತ್ರ ಆ ಬೇಸಿಗೆಯ ಗುರುತಾಗಿ ಉಳಿದಿದೆ. ದಾರಿಯ ಇತಿಹಾಸದಲ್ಲಿ ಈ ಕಾನೂನಿಗೆ ಯಾವ ಓಟದ ಗೆಲುವಿಗಿಂತ ಕಡಿಮೆ ಸ್ಥಾನ ಕೊಡಲಾಗದು.

ಓಬಿಸ್ಕ್ ಮತ್ತು ಸೂಲೋರ್ ಘಾಟಿಗಳ ನಡುವಿನ ಲಿತೋರ್ ಕಮರಿ ಇಡೀ ದಾರಿಯ ಅತಿ ಸುಂದರ ತುಣುಕು ಎನ್ನಬಹುದು. ಬಂಡೆಯ ಗೋಡೆಯನ್ನೇ ಕಡಿದು ಕಿರಿದಾದ ರಸ್ತೆ ಮಾಡಿದ್ದಾರೆ. ನಡುವೆ ಸುರಂಗ, ಒಂದು ಬದಿಗೆ ಆಳ. ಬೇಸಿಗೆಯಲ್ಲಿ ಹಸು, ಕುದುರೆ, ಕುರಿಗಳನ್ನು ಮೇಯಲು ಮೇಲಕ್ಕೆ ಹೊಡೆದು ತರುತ್ತಾರೆ, ಅವು ರಸ್ತೆಯ ಮೇಲೇ ಮಲಗಿರುತ್ತವೆ. ಅವು ಏಳುವವರೆಗೆ ಕಾಯಬೇಕು. ಇಲ್ಲಿ 1951ರಲ್ಲಿ, ಟೂರ್‌ನಲ್ಲಿ ಮುಂದಿರುವವನಿಗೆ ಸಿಗುವ ಹಳದಿ ಅಂಗಿ ತೊಟ್ಟ ಮೊದಲ ಡಚ್ಚನಾದ ವಿಮ್ ವಾನ್ ಎಸ್ಟ್ ಓಬಿಸ್ಕ್ ಇಳಿಯುವಾಗ ತಿರುವಿನಲ್ಲಿ ಜಾರಿ ಸುಮಾರು 70 ಮೀಟರ್ ಕೆಳಗೆ ಬಿದ್ದ. ಹಗ್ಗ ಸಾಲದೆ, ತಂಡದ ಬಿಡಿ ಟೈರುಗಳನ್ನು ಒಂದಕ್ಕೊಂದು ಗಂಟುಹಾಕಿ ಅವನನ್ನು ಮೇಲೆಳೆದರು. ಅವನು ಬದುಕಿದ. ಟೈರುಗಳು ಹಿಗ್ಗಿ ಚಕ್ರಕ್ಕೆ ಕೂರದಾದವು, ಇಡೀ ತಂಡ ಓಟ ಬಿಟ್ಟಿತು. ಎಲ್ಲರ ಕಥೆ ಹೀಗೆ ಮುಗಿಯಲಿಲ್ಲ. ಇನ್ನೂ ಪೂರ್ವಕ್ಕಿರುವ ಪೋರ್ತೆ-ದಾಸ್ಪೆ ಘಾಟಿಯ ಇಳಿಜಾರಿನಲ್ಲಿ 1995ರ ಜುಲೈ 18ರಂದು ಇಟಲಿಯ ಫಾಬಿಯೊ ಕಾಸಾರ್ತೆಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಬಿಳಿ ಕಲ್ಲಿನ ಅವನ ಸ್ಮಾರಕದ ಬಳಿ ಸವಾರರು ಬ್ರೇಕ್ ಹಿಡಿದು ನಿಲ್ಲುತ್ತಾರೆ.

ಇಡೀ ದಾರಿಗೆ ಒಂದು ರೂಪ ಕೊಟ್ಟದ್ದು ಪೋ ನಗರದ ಸಿಕ್ಲೊ ಕ್ಲಬ್ ಬೇಆರ್ನೆ. ಅದು ನಡೆಸುವ ‘ರೇದ್ ಪಿರೆನೀಯೆನ್’ನಲ್ಲಿ ಆಂದಾಯ್‌ನಿಂದ ಸೆರ್ಬೇರ್‌ಗೆ 18 ಘಾಟಿಗಳನ್ನು ದಾಟಿ 100 ಗಂಟೆಯೊಳಗೆ ಸೇರಬೇಕು, ನಿಧಾನ ಹೋಗುವವರಿಗೆ ಹತ್ತು ದಿನದ ಗಡುವಿನ, ಇನ್ನಷ್ಟು ಘಾಟಿಗಳ ಬೇರೆ ದಾರಿಯಿದೆ. ಸ್ಪರ್ಧೆಯಲ್ಲ, ಸ್ಥಾನವಿಲ್ಲ. ಕೈಯಲ್ಲೊಂದು ಕಾರ್ಡು; ದಾರಿಯ ಊರುಗಳಲ್ಲಿ ಅದಕ್ಕೆ ಮೊಹರು ಹಾಕಿಸಿಕೊಳ್ಳುತ್ತ ಹೋಗುವುದು. ಲ್ಯೂಶೋಂ ದಾಟಿದ ಮೇಲೆ ಹೆಸರುವಾಸಿ ಘಾಟಿಗಳು ಮುಗಿಯುತ್ತವೆ, ಕಾಡು ದಟ್ಟವಾಗುತ್ತದೆ, ಜನ ವಿರಳವಾಗುತ್ತಾರೆ. ಮುಂದೆ ಎತ್ತರದ ಬಯಲು, ಮೊನ್-ಲೂಯಿಯಲ್ಲಿ ಸೇನಾ ಎಂಜಿನಿಯರ್ ವೋಬಾನ್ ಕಟ್ಟಿಸಿದ ಕೋಟೆ, ಕಾನಿಗೂ ಶಿಖರ. ಕೊನೆಗೆ ದ್ರಾಕ್ಷಿ ತೋಟಗಳ ಗುಡ್ಡಗಳಾಚೆ ನೀಲಿ ಕಡಲು.

ಕಾರ್ಡಿಗೆ ಮೊಹರು ಹಾಕಿಸುವ ಈ ಪದ್ಧತಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸವಾರರಿಗೆ ಹೊಸದಲ್ಲ. ಆಡಾಕ್ಸ್ ಕ್ಲಬ್ ಪಾರಿಸ್ಯಾಂ 1921ರಲ್ಲಿ ಆರಂಭಿಸಿದ, ಗಡುವಿನೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳ ನಿಯಮದಲ್ಲೇ ಕರ್ನಾಟಕದಲ್ಲೂ 200, 300, 400, 600 ಕಿ.ಮೀ. ಬ್ರೆವೆಗಳು ನಡೆಯುತ್ತವೆ. ಪಶ್ಚಿಮ ಘಟ್ಟ ಹತ್ತಿಳಿಯುವ ನಮ್ಮ ಸವಾರನೂ ಪಿರನೀಸ್ ದಾಟುವ ಫ್ರೆಂಚ್ ಅಜ್ಜನೂ ಗಡಿಯಾರದ ಜೊತೆ ಮಾಡಿಕೊಳ್ಳುವ ಒಪ್ಪಂದ ಒಂದೇ ಬಗೆಯದು.

ಘಾಟಿಗಳನ್ನು ಎಣಿಸುವ ಹವ್ಯಾಸಕ್ಕೂ ಒಂದು ಸಂಘವಿದೆ: 1972ರಲ್ಲಿ ಹುಟ್ಟಿದ ‘ನೂರು ಘಾಟಿಗಳ ಕ್ಲಬ್’. ನೂರು ಬೇರೆ ಬೇರೆ ಘಾಟಿಗಳನ್ನು ಏರಿದವರಿಗೆ ಅಲ್ಲಿ ಸದಸ್ಯತ್ವ. 1993ರಿಂದ ನಡೆಯುತ್ತಿರುವ ‘ಲೆತಾಪ್ ದ್ಯು ಟೂರ್’ನಲ್ಲಿ ಸಾವಿರಾರು ಹವ್ಯಾಸಿಗಳು ಟೂರ್‌ನ ಒಂದು ಹಂತವನ್ನೇ ಸವಾರಿ ಮಾಡುತ್ತಾರೆ. ಘಾಟಿಗಳಲ್ಲಿ ಈಗ ಕಿಲೋಮೀಟರಿಗೊಂದು ಫಲಕ: ನೆತ್ತಿಗೆ ಇನ್ನೆಷ್ಟು ದೂರ, ಮುಂದಿನ ಕಿಲೋಮೀಟರಿನ ಏರು ಶೇಕಡಾ ಎಷ್ಟು. ಲ್ಯೂಜ್ ಕಡೆಯಿಂದ ತೂರ್ಮಲೆಗೆ ಸುಮಾರು 19 ಕಿ.ಮೀ., ಸರಾಸರಿ ಏರು ಶೇ. 7.4.

ಆ ನೆತ್ತಿಯಲ್ಲಿ, ಸೈಕಲ್ಲಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುವ ಲೋಹದ ಸವಾರನ ಪ್ರತಿಮೆಯಿದೆ. 1999ರಿಂದ ಅಲ್ಲಿರುವ ಅದನ್ನು ತೂರ್ಮಲೆಯ ದೈತ್ಯನೆನ್ನುತ್ತಾರೆ. ಲಾಪೀಜ್‌ನ ನೆನಪಿಗೆ ಆಕ್ಟಾವ್ ಎಂದೂ ಕರೆಯುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದು ಘಾಟಿ ಮುಚ್ಚುವ ಮುನ್ನ ಪ್ರತಿಮೆಯನ್ನು ಕೆಳಗೆ ಇಳಿಸುತ್ತಾರೆ. ಜೂನ್ ಮೊದಲ ವಾರ ಅದನ್ನು ಲಾರಿಯಲ್ಲಿ ಕೂರಿಸಿ ಮತ್ತೆ ಮೇಲಕ್ಕೆ ಒಯ್ಯುತ್ತಾರೆ. ಲಾರಿಯ ಜೊತೆಗೆ ಘಾಟಿಯ ಉದ್ದಕ್ಕೂ ಹಳ್ಳಿಯವರು, ಮಕ್ಕಳು, ಮುದುಕರು, ದೂರದಿಂದ ಬಂದವರು ನೂರಾರು ಮಂದಿ ಸಣ್ಣ ಗೇರಿನಲ್ಲಿ ಪೆಡಲ್ ತುಳಿಯುತ್ತ ಏರುತ್ತಾರೆ.