ಕಾಗದದಲ್ಲಿ ಉಳಿದ ರಾಗ

ಹಳೆಯ ಗ್ರಾಮಫೋನ್ ತಟ್ಟೆ ಸಿಕ್ಕರೆ ಸೂಜಿ ಇಟ್ಟು ಕೇಳಬಹುದು. ಹಾಡಿನ ಬದಲು, ಹಾಡುವ ಯಂತ್ರಕ್ಕೆ ಕೊಟ್ಟ ಆಜ್ಞೆಗಳು ಮಾತ್ರ ಸಿಕ್ಕರೆ ಏನು ಮಾಡುವುದು? ಆಸ್ಟ್ರೇಲಿಯದವರಿಗೆ ಎದುರಾದದ್ದು ಇದೇ ಪ್ರಶ್ನೆ.

ಟ್ರೆವರ್ ಪಿಯರ್ಸಿ ಮತ್ತು ಮ್ಯಾಸ್ಟನ್ ಬಿಯರ್ಡ್ ರೂಪಿಸಿದ, ಮುಂದೆ 'ಸೈರಾಕ್' ಎಂದು ಹೆಸರಾದ ಕಂಪ್ಯೂಟರ್ 1949ರಲ್ಲಿ ಸಿಡ್ನಿಯಲ್ಲಿ ಮೊದಲು ಓಡಿತು. ಸುಮಾರು 2000 ವಾಲ್ವುಗಳ ಈ ದೈತ್ಯನಿಗೆ, ಲೆಕ್ಕ ಎಲ್ಲಿಗೆ ಬಂತೆಂದು ಸದ್ದು ಮಾಡಿ ತಿಳಿಸಲು, ಒಂದು ಲೌಡ್‌ಸ್ಪೀಕರ್ ಇತ್ತು. ಜೆಫ್ ಹಿಲ್ ಎಂಬ ಪ್ರೋಗ್ರಾಮರ್ ಅದರಿಂದಲೇ ರಾಗ ಹೊರಡಿಸಿದರು. 1951ರ ಆಗಸ್ಟ್‌ನಲ್ಲಿ ಸಿಡ್ನಿಯಲ್ಲಿ ಕಂಪ್ಯೂಟರ್ ಸಮ್ಮೇಳನಕ್ಕೆ ಬಂದವರು ಅದು 'ಕರ್ನಲ್ ಬೋಗಿ' ನುಡಿಸುವುದನ್ನು ಕೇಳಿದರು. ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. 1955ರಲ್ಲಿ ಮೆಲ್ಬರ್ನ್‌ಗೆ ಹೋದ ಯಂತ್ರ 1964ರಲ್ಲಿ ನಿಂತುಹೋಯಿತು. ಉಳಿದದ್ದು ಯಂತ್ರದ ದೇಹ ಮತ್ತು ತೂತು ಕೊರೆದ ಕಾಗದದ ಪಟ್ಟಿಗಳು.

ಪಟ್ಟಿ ಓದಿದರೆ ಹಾಡು ಬಂದೀತೆಂದು ನಾವು ಭಾವಿಸಬಹುದು. ಹಾಗಲ್ಲ. ಸ್ಪೀಕರ್‌ಗೆ ಮಿಡಿತ ಕಳುಹಿಸುವ ಪ್ರತಿ ಆಜ್ಞೆಗೂ ಒಂದು 'ಟಕ್'. ಸೆಕೆಂಡಿಗೆ 220 ಟಕ್ ಸಮನಾಗಿ ಬಿದ್ದರೆ ಒಂದು ಸ್ವರ. ಆದರೆ ಸೈರಾಕ್‌ನ ನೆನಪು ಇದ್ದದ್ದು ಪಾದರಸದ ಕೊಳವೆಗಳಲ್ಲಿ. ಅಲ್ಲಿ ಅಂಕಿಗಳು ಕಂಪನಗಳಾಗಿ ಸುತ್ತುತ್ತಲೇ ಇರುತ್ತಿದ್ದವು. ಬೇಕಾದ ಅಂಕಿ ತುದಿಗೆ ಬರುವವರೆಗೆ ಯಂತ್ರ ಕಾಯಬೇಕು. ಅಂಕಿಯ ಜಾಗ ಬದಲಾದರೆ ಕಾಯುವ ಹೊತ್ತೂ ಬದಲು, ಸ್ವರವೂ ಅಪಸ್ವರ. ಹಿಲ್ ಅವರ ಜಾಣ್ಮೆಯೆಲ್ಲ ಈ ಕಾಯುವಿಕೆಯನ್ನು ಸರಿತೂಗಿಸುವುದರಲ್ಲಿತ್ತು. ಈ ಕಾಲದ ಲೆಕ್ಕ ಕಾಗದದ ಮೇಲೆ ಕಾಣುವುದಿಲ್ಲ!

ಆದ್ದರಿಂದ ಸಂಗೀತಗಾರ ಪಾಲ್ ಡೋರ್ನ್‌ಬುಷ್ ಮತ್ತು ಅವರ ಸಂಗಡಿಗರು ಪಟ್ಟಿಗಳನ್ನು ಓದಿದ್ದಷ್ಟೇ ಅಲ್ಲ, ಸೈರಾಕ್‌ನ ನಡೆಯನ್ನು ಹೊತ್ತಿನ ಸಮೇತ ಅನುಕರಿಸುವ ತಂತ್ರಾಂಶವನ್ನೂ ಬಳಸಬೇಕಾಯಿತು. ಸ್ಪೀಕರಿಗೆ ಹೋಗುತ್ತಿದ್ದ ವಿದ್ಯುತ್ ಮಿಡಿತದ ಆಕಾರವನ್ನು ಮತ್ತೆ ಹುಟ್ಟಿಸಲು ವಾಲ್ವುಗಳ ಮೊರೆಹೋದರು. ಹೀಗೆ ಬಂದ ಸದ್ದು ಡಿಜಿಟಲ್ ಧ್ವನಿಯಾಗಿ ಸೇರಿತು. ಇಂಪಾದ ಸಂಗೀತವೇನಲ್ಲ, ಒರಟು ಗುಂಯ್‌ಗುಡುವಿಕೆ. ಇಂದಿನ ಸಿಂಥಸೈಸರ್‌ನಲ್ಲಿ ಅದೇ ರಾಗವನ್ನು ನಯವಾಗಿ ನುಡಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಅದು 1951ರಲ್ಲಿ ಜನ ಕೇಳಿದ ಸದ್ದಾಗುತ್ತಿರಲಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿಯ ಕಂಪ್ಯೂಟರ್ ನುಡಿಸಿದ್ದನ್ನು ಬಿಬಿಸಿ 1951ರಲ್ಲೇ ತಟ್ಟೆಯಲ್ಲಿ ಮುದ್ರಿಸಿಕೊಂಡಿತ್ತು. ಕೇಳಿಸುವ ದಾಖಲೆಗಿಂತ ಬೇರೆ ಸಾಕ್ಷಿ ಬೇಕೆ? ಬೇಕಿತ್ತು. ಜ್ಯಾಕ್ ಕೋಪ್ಲೆಂಡ್ ಮತ್ತು ಜೇಸನ್ ಲಾಂಗ್ 2016ರಲ್ಲಿ ಪರೀಕ್ಷಿಸಿದಾಗ ತಟ್ಟೆಯಲ್ಲಿ ಆ ಯಂತ್ರದಿಂದ ಹೊರಡಲು ಸಾಧ್ಯವೇ ಇಲ್ಲದ ಸ್ವರಗಳಿದ್ದವು. ಮುದ್ರಣದ ವೇಗ ತಪ್ಪಿತ್ತು. ಯಂತ್ರ ಯಾವ ಸ್ವರಗಳನ್ನು ನುಡಿಸಬಲ್ಲದೆಂಬ ಲೆಕ್ಕವನ್ನೇ ಅಳತೆಗೋಲಾಗಿಸಿ ಅವರು ತಟ್ಟೆಯ ವೇಗ ತಿದ್ದಿದರು.