ಅಂಕಿಯೋ, ಗೆಲುವೋ? 1962ರ ಒಂದು ಮತದಾನದ ಕಥೆ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಹರ್ಷಿ ಎಂಬ ಪುಟ್ಟ ಊರಿದೆ. ಚಾಕೊಲೇಟ್ ಕಾರ್ಖಾನೆಯಿಂದ ಹೆಸರಾದ ಊರು. 1962ರ ಮಾರ್ಚ್ 2ರ ರಾತ್ರಿ ಅಲ್ಲಿನ ಕ್ರೀಡಾಂಗಣದಲ್ಲಿ ಫಿಲಡೆಲ್ಫಿಯ ವಾರಿಯರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ತಂಡಗಳ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯವಿತ್ತು. ನೋಡಲು ಬಂದವರು 4,124 ಮಂದಿ. ಟಿ.ವಿ. ಪ್ರಸಾರ ಇರಲಿಲ್ಲ. ಆ ರಾತ್ರಿ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಒಬ್ಬರೇ 100 ಅಂಕ ಗಳಿಸಿದರು. ಪಂದ್ಯ ಮುಗಿದ ಮೇಲೆ ಒಂದು ಹಾಳೆಯ ಮೇಲೆ ‘100’ ಎಂದು ಬರೆದು ಅವರ ಕೈಗೆ ಕೊಟ್ಟು ಫೋಟೊ ತೆಗೆದರು. ಆ ಫೋಟೊ ಇಂದಿಗೂ ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇರುತ್ತದೆ.

ಆ ಋತುವಿನಲ್ಲಿ ಚೇಂಬರ್ಲೇನ್ ಆಡಿದ್ದು 80 ಪಂದ್ಯಗಳು. ಸರಾಸರಿ ಗಳಿಕೆ ಪಂದ್ಯಕ್ಕೆ 50.4 ಅಂಕ. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ವಶಪಡಿಸಿಕೊಳ್ಳುವುದಕ್ಕೆ ‘ರಿಬೌಂಡ್’ ಎನ್ನುತ್ತಾರೆ. ಅದರಲ್ಲಿ ಅವರ ಸರಾಸರಿ 25.7. ಪಂದ್ಯದ ನಿಗದಿತ ಅವಧಿ 48 ನಿಮಿಷ. ಚೇಂಬರ್ಲೇನ್ ಅಂಗಣದಲ್ಲಿದ್ದ ಸರಾಸರಿ ಅವಧಿ 48.5 ನಿಮಿಷ! ಹೆಚ್ಚುವರಿ ಅವಧಿಯವರೆಗೆ ಬೆಳೆದ ಪಂದ್ಯಗಳೂ ಸೇರಿದ್ದರಿಂದ ಬಂದ ವಿಚಿತ್ರ ಲೆಕ್ಕ ಇದು.

ಹೀಗಿರುವಾಗ ಆ ವರ್ಷದ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತು? ಕೇಳಿದವರೆಲ್ಲ ಚೇಂಬರ್ಲೇನ್ ಹೆಸರನ್ನೇ ಹೇಳಿಯಾರು. ಆದರೆ ಪ್ರಶಸ್ತಿ ಹೋದದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅವರಿಗೆ. ಅವರ ಸರಾಸರಿ ಗಳಿಕೆ ಕೇವಲ 18.9 ಅಂಕ.

ಈ ತೀರ್ಪು ಸರಿಯೇ, ತಪ್ಪೇ ಎಂಬ ಚರ್ಚೆ 60 ವರ್ಷ ದಾಟಿದರೂ ಮುಗಿದಿಲ್ಲ. ಪ್ರತಿ ವರ್ಷ ಋತು ಮುಗಿಯುತ್ತ ಬಂದಂತೆ ಒಂದೊಂದು ಊರಿನ ಅಭಿಮಾನಿಗಳೂ ತಮ್ಮ ತಂಡದ ತಾರೆಯ ಪರವಾಗಿ ವಾದಕ್ಕೆ ನಿಲ್ಲುತ್ತಾರೆ. ಆ ವಾದಗಳ ಬೇರನ್ನು ಹುಡುಕುತ್ತ ಹೋದರೆ ಈ 1962ರ ಮತದಾನವೇ ಎದುರಾಗುತ್ತದೆ.

ಹೆಸರಿನಲ್ಲೇ ತೊಡಕು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘಟನೆಯಾದ ಎನ್‌ಬಿಎ ಈ ಪ್ರಶಸ್ತಿಯನ್ನು ಆರಂಭಿಸಿದ್ದು 1955–56ರ ಋತುವಿನಲ್ಲಿ. ಸೇಂಟ್ ಲೂಯಿಸ್ ಹಾಕ್ಸ್ ತಂಡದ ಬಾಬ್ ಪೆಟಿಟ್ ಮೊದಲ ವಿಜೇತರು. ‘ಮೋಸ್ಟ್ ವ್ಯಾಲ್ಯುಯಬಲ್ ಪ್ಲೇಯರ್’ ಎಂಬ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಎಂವಿಪಿ’ ಎಂದು ಕರೆಯುವುದು ರೂಢಿ.

ನಮ್ಮ ಪತ್ರಿಕೆಗಳು ಕ್ರಿಕೆಟ್ ವರದಿಯಲ್ಲಿ ‘ಪಂದ್ಯಶ್ರೇಷ್ಠ’ ಎಂದು ಬರೆಯುತ್ತವೆ. ಎನ್‌ಬಿಎ ಆರಿಸಿಕೊಂಡ ಪದ ಬೇರೆ. ಅದು ಶ್ರೇಷ್ಠತೆಯನ್ನು ಹೇಳುವುದಿಲ್ಲ, ಬೆಲೆಯನ್ನು ಹೇಳುತ್ತದೆ. ಬೆಲೆ ಯಾರ ಪಾಲಿಗೆ? ಸ್ವಂತ ತಂಡದ ಪಾಲಿಗೆ ಎಂದಾದರೆ, ಗೆಲ್ಲುವ ತಂಡದ ಆಟಗಾರನಿಗೆ ಬೆಲೆ ಹೆಚ್ಚೋ ಅಥವಾ ದುರ್ಬಲ ತಂಡವನ್ನು ಒಬ್ಬನೇ ಹೊತ್ತು ನಡೆಸುವವನಿಗೆ ಹೆಚ್ಚೋ? ಎನ್‌ಬಿಎ ಇದಕ್ಕೆ ಒಂದು ಖಚಿತ ವ್ಯಾಖ್ಯೆ ಕೊಡಲಿಲ್ಲ. ಮತ ಹಾಕುವವರ ವಿವೇಚನೆಗೇ ಬಿಟ್ಟುಬಿಟ್ಟಿತು.

ಮತ ಹಾಕುತ್ತಿದ್ದವರು ಯಾರು ಎಂಬುದು ಇಲ್ಲಿ ಮುಖ್ಯ. 1979–80ರ ಋತುವಿನವರೆಗೂ ಆ ಹಕ್ಕು ಆಟಗಾರರದೇ ಆಗಿತ್ತು. ತಮ್ಮ ತಂಡದವರಿಗೆ ಮತ ಹಾಕುವಂತಿರಲಿಲ್ಲ. ಅಂದರೆ, ಎದುರಾಳಿಗಳೇ ಎದುರಾಳಿಯ ಬೆಲೆ ಕಟ್ಟಬೇಕಿತ್ತು.

ಮೂವರು ಹುರಿಯಾಳುಗಳು

1961–62ರಲ್ಲಿ ಎನ್‌ಬಿಎಯಲ್ಲಿ ಇದ್ದದ್ದು 9 ತಂಡಗಳು ಮಾತ್ರ. ಚೇಂಬರ್ಲೇನ್, ರಸೆಲ್ ಅವರ ಜೊತೆಗೆ ಮೂರನೆಯ ಹುರಿಯಾಳೊಬ್ಬರು ಕಣದಲ್ಲಿದ್ದರು. ಸಿನ್ಸಿನಾಟಿ ರಾಯಲ್ಸ್ ತಂಡದ ಆಸ್ಕರ್ ರಾಬರ್ಟ್‌ಸನ್. ಅವರದು ಪಂದ್ಯಕ್ಕೆ ಸರಾಸರಿ 30.8 ಅಂಕ, 12.5 ರಿಬೌಂಡ್ ಮತ್ತು 11.4 ‘ಅಸಿಸ್ಟ್’. ಅಂಕ ಗಳಿಸಲು ಸಹ ಆಟಗಾರನಿಗೆ ಚೆಂಡು ಒದಗಿಸಿಕೊಡುವುದೇ ಅಸಿಸ್ಟ್. ಹೀಗೆ ಮೂರು ವಿಭಾಗಗಳಲ್ಲಿ ಎರಡಂಕಿ ದಾಟುವುದಕ್ಕೆ ‘ಟ್ರಿಪಲ್ ಡಬಲ್’ ಎನ್ನುತ್ತಾರೆ. ಇಡೀ ಋತುವಿನ ಸರಾಸರಿಯಲ್ಲಿ ಅದನ್ನು ಸಾಧಿಸಿದ ಮೊದಲಿಗರು ರಾಬರ್ಟ್‌ಸನ್. ಆದರೂ ಎಂವಿಪಿ ಮತದಾನದಲ್ಲಿ ಅವರಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಚೇಂಬರ್ಲೇನ್ ಎರಡನೆಯವರು.

ತಂಡಗಳ ಸಾಧನೆ ನೋಡಿದರೆ ಚಿತ್ರ ಬದಲಾಗುತ್ತದೆ. ರಾಯಲ್ಸ್ 43 ಪಂದ್ಯ ಗೆದ್ದು 37 ಸೋತಿತು. ವಾರಿಯರ್ಸ್ 49 ಗೆದ್ದು 31 ಸೋತಿತು. ಸೆಲ್ಟಿಕ್ಸ್ 60 ಗೆದ್ದು 20 ಸೋತಿತು. ಒಂದು ಋತುವಿನಲ್ಲಿ 60 ಗೆಲುವು ಕಂಡ ಮೊದಲ ಎನ್‌ಬಿಎ ತಂಡ ಅದು. ಹಾಗಾದರೆ ಗೆದ್ದ ತಂಡದ ನಾಯಕತಾರೆಗೆ ಹಾರ ಹಾಕಿದರು, ಅಷ್ಟೇ ತಾನೆ? ಅಷ್ಟು ಸುಲಭವಾಗಿ ಮಾತು ಮುಗಿಯುವುದಿಲ್ಲ.

ಲೆಕ್ಕಕ್ಕೆ ಸಿಗದ ಆಟ

ರಸೆಲ್ ಆಟದ ಜೀವಾಳ ಇದ್ದದ್ದು ರಕ್ಷಣೆಯಲ್ಲಿ. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದರಲ್ಲಿ ಅವರು ನಿಸ್ಸೀಮರು. ತಡೆದ ಚೆಂಡನ್ನು ಪ್ರೇಕ್ಷಕರತ್ತ ಹೊಡೆದು ಚಪ್ಪಾಳೆ ಗಿಟ್ಟಿಸುವ ಬದಲು ಅಂಗಣದೊಳಗೇ ಉಳಿಸಿ, ಸಹ ಆಟಗಾರರ ಕೈಗೆ ಸೇರುವಂತೆ ತಟ್ಟುತ್ತಿದ್ದರು. ಮರುಕ್ಷಣವೇ ಸೆಲ್ಟಿಕ್ಸ್ ಆಟಗಾರರು ಎದುರು ಬುಟ್ಟಿಯತ್ತ ಓಡುತ್ತಿದ್ದರು.

ಆದರೆ ಹೀಗೆ ತಡೆದ ಎಸೆತಗಳನ್ನು ಎನ್‌ಬಿಎ ಅಧಿಕೃತವಾಗಿ ಲೆಕ್ಕ ಇಡತೊಡಗಿದ್ದು 1973–74ರಲ್ಲಿ. ಅಷ್ಟು ಹೊತ್ತಿಗೆ ರಸೆಲ್ ನಿವೃತ್ತರಾಗಿ ಹಲವು ವರ್ಷಗಳಾಗಿದ್ದವು. ಅವರು ಒಟ್ಟು ಎಷ್ಟು ಎಸೆತಗಳನ್ನು ತಡೆದರು ಎಂಬುದಕ್ಕೆ ಅಧಿಕೃತ ಲೆಕ್ಕವೇ ಇಲ್ಲ. ಅವರ ಎತ್ತರದ ಕೈಗಳಿಗೆ ಹೆದರಿ ಎದುರಾಳಿ ಎಸೆಯದೇ ಬಿಟ್ಟ ಚೆಂಡುಗಳನ್ನು ಲೆಕ್ಕ ಹಾಕುವ ಕೋಷ್ಟಕವಂತೂ ಎಲ್ಲಿಯೂ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಆಟಗಾರರು ಎಂವಿಪಿಗೆ ಮತ ಹಾಕಿದರೆ, ವರ್ಷದ ಶ್ರೇಷ್ಠ ಐವರ ತಂಡವನ್ನು ಆರಿಸುತ್ತಿದ್ದವರು ಪತ್ರಕರ್ತರು. 1961–62ರ ಆ ಪಟ್ಟಿಯಲ್ಲಿ ‘ಸೆಂಟರ್’ ಸ್ಥಾನ ಸಿಕ್ಕಿದ್ದು ಚೇಂಬರ್ಲೇನ್ ಅವರಿಗೆ. ರಸೆಲ್ ಎರಡನೆಯ ತಂಡಕ್ಕೆ ಇಳಿದರು! ಆಟಗಾರರ ಕಣ್ಣಿನಲ್ಲಿ ಇಡೀ ಎನ್‌ಬಿಎಗೇ ಅತ್ಯಮೂಲ್ಯನಾದವನು ಪತ್ರಕರ್ತರ ಕಣ್ಣಿನಲ್ಲಿ ತನ್ನ ಸ್ಥಾನದಲ್ಲೇ ಎರಡನೆಯವನು.

ಇಬ್ಬರಲ್ಲಿ ಯಾರೂ ಅಪ್ರಾಮಾಣಿಕರಲ್ಲ. ಪತ್ರಕರ್ತರ ಮುಂದೆ ಅಂಕಪಟ್ಟಿ ಇತ್ತು. ಅದರಲ್ಲಿ ಚೇಂಬರ್ಲೇನ್ ಅವರಿಗೆ ಸಾಟಿ ಇರಲಿಲ್ಲ. ಆಟಗಾರರ ಮುಂದೆ ಇದ್ದದ್ದು ರಸೆಲ್ ಅವರ ಕೈ. ಬುಟ್ಟಿಯತ್ತ ನುಗ್ಗಿದಾಗಲೆಲ್ಲ ಅವರಿಗೆ ಅದು ಅಡ್ಡ ಬಂದಿತ್ತು.

ಕಾಲಕ್ಕೊಂದು ಅಳತೆಗೋಲು

ಹಾಗೆಂದು ಆಟಗಾರರು ಸದಾ ಗೆಲ್ಲುವ ತಂಡದ ಕಡೆಗೇ ವಾಲುತ್ತಿದ್ದರು ಎನ್ನುವಂತಿಲ್ಲ. 1959–60ರಲ್ಲಿ ಸೆಲ್ಟಿಕ್ಸ್ 75 ಪಂದ್ಯಗಳಲ್ಲಿ 59 ಗೆದ್ದಿತ್ತು. ಆದರೂ ಎಂವಿಪಿ ಆದದ್ದು ಅದೇ ವರ್ಷ ಎನ್‌ಬಿಎಗೆ ಕಾಲಿಟ್ಟಿದ್ದ ಚೇಂಬರ್ಲೇನ್. 1975–76ರಲ್ಲಂತೂ ಲಾಸ್ ಏಂಜಲೀಸ್ ಲೇಕರ್ಸ್ ಗೆದ್ದದ್ದು 40, ಸೋತದ್ದು 42. ತಂಡ ಮುಂದಿನ ಹಂತಕ್ಕೂ ಏರಲಿಲ್ಲ. ಆದರೂ ಅದರ ತಾರೆ ಕರೀಮ್ ಅಬ್ದುಲ್ ಜಬ್ಬಾರ್ ಅವರನ್ನೇ ಆಟಗಾರರು ಆರಿಸಿದರು.

ಇನ್ನೂ ವಿಶೇಷವೆಂದರೆ 1966–67ರ ಚೇಂಬರ್ಲೇನ್. ಆಗ ಅವರು ಫಿಲಡೆಲ್ಫಿಯ 76ರ್ಸ್ ತಂಡದಲ್ಲಿದ್ದರು. ಸ್ವತಃ ಅಂಕ ಗಳಿಸುವುದನ್ನು ಕಡಿಮೆ ಮಾಡಿ ಚೆಂಡನ್ನು ಇತರರಿಗೆ ಹಂಚತೊಡಗಿದ್ದರು. ಸರಾಸರಿ 24.1 ಅಂಕಕ್ಕೆ ಇಳಿಯಿತು. 1962ರ ಅರ್ಧಕ್ಕಿಂತಲೂ ಕಡಿಮೆ. ತಂಡ 68 ಪಂದ್ಯ ಗೆದ್ದು 13 ಮಾತ್ರ ಸೋತಿತು. ರಸೆಲ್ ಅವರ ಸೆಲ್ಟಿಕ್ಸ್ ತಂಡವನ್ನೂ ಮಣಿಸಿ ಪ್ರಶಸ್ತಿ ಗೆದ್ದಿತು. ಆ ವರ್ಷದ ಎಂವಿಪಿ ಚೇಂಬರ್ಲೇನ್! 50 ಅಂಕಕ್ಕೆ ಸಿಗದ ಮನ್ನಣೆ 24 ಅಂಕಕ್ಕೆ ಸಿಕ್ಕಿತು.

ಲೇಖನಿಯ ಮತ

1980–81ರಿಂದ ಎಂವಿಪಿ ಆಯ್ಕೆಯೂ ಪತ್ರಕರ್ತರ ಮತ್ತು ಪ್ರಸಾರಕರ ಕೈಗೆ ಬಂತು. ಇಂದು 100 ಮಂದಿ ಮತ ಹಾಕುತ್ತಾರೆ. ಒಬ್ಬೊಬ್ಬರೂ ಐವರನ್ನು ಕ್ರಮವಾಗಿ ಹೆಸರಿಸಬೇಕು. ಮೊದಲ ಸ್ಥಾನಕ್ಕೆ 10, ನಂತರ 7, 5, 3, 1 ಅಂಕ. ಕೋಷ್ಟಕಗಳೂ ಈಗ ಬಹಳ ಬೆಳೆದಿವೆ. ಆದರೆ ಹಳೆಯ ಪ್ರಶ್ನೆ ಹಾಗೆಯೇ ಉಳಿದಿದೆ.

2016–17ರಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡದ ರಸೆಲ್ ವೆಸ್ಟ್‌ಬ್ರೂಕ್ ಸರಾಸರಿಯಲ್ಲಿ ಟ್ರಿಪಲ್ ಡಬಲ್ ಸಾಧಿಸಿದರು. ರಾಬರ್ಟ್‌ಸನ್ ನಂತರ ಅವರೇ ಮೊದಲಿಗರು. ತಂಡ ಗೆದ್ದದ್ದು 47 ಪಂದ್ಯ ಮಾತ್ರ. ಆದರೂ ಎಂವಿಪಿ ಅವರಿಗೇ ಒಲಿಯಿತು. 2024–25ರಲ್ಲಿ ಡೆನ್ವರ್ ನಗೆಟ್ಸ್ ತಂಡದ ನಿಕೋಲ ಯೋಕಿಚ್ ಅದೇ ಸಾಧನೆ ಮಾಡಿದ ಮೂರನೆಯವರಾದರು. ಅವರ ತಂಡ 50 ಪಂದ್ಯ ಗೆದ್ದಿತ್ತು. ಆದರೆ ಪ್ರಶಸ್ತಿ ಹೋದದ್ದು 68 ಪಂದ್ಯ ಗೆದ್ದ ಥಂಡರ್ ತಂಡದ ಶೇ ಗಿಲ್ಜಸ್ ಅಲೆಕ್ಸಾಂಡರ್ ಅವರಿಗೆ. ಮೊದಲ ಸ್ಥಾನದ ಮತಗಳು ಅವರಿಗೆ 71, ಯೋಕಿಚ್‌ಗೆ 29. ಒಂದೇ ಬಗೆಯ ಸಾಧನೆ. 1962ರಲ್ಲಿ ಮೂರನೆಯ ಸ್ಥಾನ, 2017ರಲ್ಲಿ ಮೊದಲನೆಯದು, 2025ರಲ್ಲಿ ಎರಡನೆಯದು.

ಇದು ಕೇವಲ ಬಿರುದಿನ ಮಾತೂ ಅಲ್ಲ. 2017ರಲ್ಲಿ ಜಾರಿಗೆ ಬಂದ ನಿಯಮದಂತೆ, ಎಂವಿಪಿ ಆದ ಅಥವಾ ವರ್ಷದ ಶ್ರೇಷ್ಠರ ಪಟ್ಟಿ ಸೇರಿದ ಅನುಭವಿ ಆಟಗಾರರು ತಮ್ಮ ತಂಡದೊಡನೆ ಹೆಚ್ಚಿನ ಮೊತ್ತದ ಒಪ್ಪಂದಕ್ಕೆ ಅರ್ಹರಾಗುತ್ತಾರೆ. 2025ರ ಜುಲೈನಲ್ಲಿ ಗಿಲ್ಜಸ್ ಅಲೆಕ್ಸಾಂಡರ್ ಮಾಡಿಕೊಂಡ ಅಂಥ ಒಪ್ಪಂದ 4 ವರ್ಷಕ್ಕೆ 28.5 ಕೋಟಿ ಡಾಲರ್‌ಗಳದ್ದು. ವರದಿ ಬರೆಯುವವರ ಮತ ಆಟಗಾರನ ಸಂಬಳವನ್ನು ಮುಟ್ಟುತ್ತದೆ ಎಂದಾಗ, ಇದೇ ಕಸುಬಿನ ನಮ್ಮಂಥವರಿಗೆ ಕೊಂಚ ಅಳುಕಾಗುವುದು ಸಹಜ. ಪಂದ್ಯ ಮುಗಿಯುತ್ತಲೇ ನಾವು ಮೊದಲು ಕೈಚಾಚುವುದು ಅಂಕಪಟ್ಟಿಗೇ.

ಹಾಗಾದರೆ ಯಾವುದೇ ತಂಡದ ತಾರೆ ಎಂವಿಪಿಗೆ ಅರ್ಹನೇ ಎಂದು ಕೇಳಿದರೆ ಏನು ಹೇಳಬೇಕು? ಅಂಕಪಟ್ಟಿಯನ್ನು ನೋಡಲೇಬೇಕು. ಅದರ ಜೊತೆಗೆ, ಆ ಪಟ್ಟಿಯಲ್ಲಿ ಯಾವ ಕೆಲಸಕ್ಕೆ ಕಾಲಂ ಇಲ್ಲ ಎಂದೂ ಕೇಳಿಕೊಳ್ಳಬೇಕು. 1962ರಲ್ಲಿ ಆಟಗಾರರು ಆ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡರು ಎಂದೇ ಅವರ ತೀರ್ಪು ಇಂದಿಗೂ ವಾದದಲ್ಲಿ ಸೋತಿಲ್ಲ.

ಆ ವರ್ಷ ಪೂರ್ವ ವಿಭಾಗದ ಫೈನಲ್‌ನಲ್ಲಿ ಸೆಲ್ಟಿಕ್ಸ್ ಮತ್ತು ವಾರಿಯರ್ಸ್ ಮುಖಾಮುಖಿಯಾದವು. ತಲಾ ಮೂರು ಗೆಲುವಿನ ಬಳಿಕ ಏಳನೆಯ ಪಂದ್ಯ. ಇನ್ನೆರಡು ಸೆಕೆಂಡು ಇರುವಾಗ ಸ್ಯಾಮ್ ಜೋನ್ಸ್ ಎಸೆದ ಚೆಂಡು ಬುಟ್ಟಿ ಸೇರಿತು. ಸೆಲ್ಟಿಕ್ಸ್ 109–107ರಿಂದ ಗೆದ್ದಿತು. ರಸೆಲ್ 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ತಂಡದಲ್ಲಿದ್ದರು. 2009ರಿಂದ ಫೈನಲ್ ಸರಣಿಯ ಅತ್ಯಮೂಲ್ಯ ಆಟಗಾರನ ಟ್ರೋಫಿಗೆ ಅವರ ಹೆಸರಿದೆ. 2022ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನ ಟ್ರೋಫಿಗೆ ಚೇಂಬರ್ಲೇನ್ ಹೆಸರಿಟ್ಟರು. ಅದೇ ವರ್ಷ ಋತುವಿನ ಎಂವಿಪಿ ಟ್ರೋಫಿಗೂ ಹೊಸ ಹೆಸರು ಬಂತು. ಅದು ಇವರಿಬ್ಬರದೂ ಅಲ್ಲ, ಮೈಕೆಲ್ ಜೋರ್ಡನ್ ಅವರದು.