ಒಂದರಿಂದ ಒಂಬತ್ತು: ಒಂದು ಹಳೆಯ ರೇಜರಿನ ಚರಿತ್ರೆ

ನಮ್ಮ ಮನೆಯ ಕನ್ನಡಿಯ ಪಕ್ಕದ ಗೂಡಿನಲ್ಲಿ ಗಿಡ್ಡ ಹಿಡಿಯ, ದಪ್ಪನೆಯ ಒಂದು ರೇಜರ್ ಇದೆ. ನನ್ನ ಸೋದರಮಾವನವರು ಅಮೆರಿಕದಲ್ಲಿ ವ್ಯಾಸಂಗ ಮುಗಿಸಿ ಮರಳುವಾಗ ತಂದದ್ದು. ಅವರ ಕಾಲಾನಂತರ ನನ್ನ ಪಾಲಿಗೆ ಬಂತು. ವೃತ್ತಿಜೀವನದುದ್ದಕ್ಕೂ ಮಕ್ಕಳಿಗೆ ರಾಜರ ಯುದ್ಧಗಳನ್ನು ಪಾಠ ಮಾಡಿದ ನನಗೆ, ದಿನವೂ ಕೆನ್ನೆಗೆ ತಾಗುವ ಈ ವಸ್ತುವಿಗೂ ಒಂದು ಚರಿತ್ರೆ ಉಂಟೆಂದು ಹೊಳೆದದ್ದು ನಿವೃತ್ತಿಯ ನಂತರವೇ.

ಶತಮಾನಗಳ ಕಾಲ ಕ್ಷೌರವೆಂದರೆ ಬರಿಯ ಕತ್ತಿಯ ಕೆಲಸವಾಗಿತ್ತು. ಅದಕ್ಕೆ ಪಳಗಿದ ಕೈ ಬೇಕು, ಅಲಗನ್ನು ಮಸೆಯಲು ಕಲ್ಲು ಮತ್ತು ಚರ್ಮದ ಪಟ್ಟಿ ಬೇಕು. 1769ರಲ್ಲಿಯೇ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಕತ್ತಿ ತಯಾರಕ, ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ. 1880ರಲ್ಲಿ ಅಮೆರಿಕದ ಕ್ಯಾಂಪ್ಫೆ ಸಹೋದರರು ಅಲಗಿನ ಮುಂದೆ ತಡೆಯಿರುವ ರೇಜರಿಗೆ ಪೇಟೆಂಟ್ ಪಡೆದರು. ಗಾಯದ ಭಯ ತಗ್ಗಿತು. ಆದರೆ ದಪ್ಪ ಅಲಗನ್ನು ಮಸೆಯುವ ಕಷ್ಟ ಹಾಗೆಯೇ ಉಳಿಯಿತು.

ಆ ಕಷ್ಟವನ್ನು ನೀಗಿಸಿದವನು ಕಿಂಗ್ ಕ್ಯಾಂಪ್ ಗಿಲೆಟ್, ಬಾಟಲಿ ಮುಚ್ಚಳದ ಕಂಪನಿಯೊಂದರ ಮಾರಾಟಗಾರ. ಒಮ್ಮೆ ಬಳಸಿ ಎಸೆಯುವಂಥ ಏನನ್ನಾದರೂ ಕಂಡುಹಿಡಿ ಎಂದು ಅವನ ಯಜಮಾನ ಹೇಳಿದ್ದನಂತೆ. 1895ರ ಒಂದು ಮುಂಜಾನೆ, ಮೊಂಡಾದ ಕತ್ತಿಯನ್ನು ಹಿಡಿದು ನಿಂತಿದ್ದಾಗ ಉತ್ತರ ಹೊಳೆಯಿತು: ಮಸೆಯಲೇ ಬೇಕಿಲ್ಲದ, ತೆಳ್ಳನೆಯ ಉಕ್ಕಿನ ತಗಡು. ಅಷ್ಟು ತೆಳುವಾದ ಉಕ್ಕಿಗೆ ಹದ ಕೊಡಲಾಗದೆಂದು ತಿಳಿದವರು ತಲೆಯಾಡಿಸಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿ ತೋರಿಸಿದ. 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರ್, 168 ಬ್ಲೇಡ್. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲಗಳಲ್ಲಿ ಸೇರಿ ಮನೆಮನೆಯನ್ನು ಹೊಕ್ಕಿತು. ಸ್ಪರ್ಧೆಯೇ ಸಮಾಜದ ಕೇಡೆಂದು 1894ರಲ್ಲಿ ಪುಸ್ತಕ ಬರೆದಿದ್ದ ಆದರ್ಶವಾದಿಯೂ ಈ ಗಿಲೆಟ್ಟನೇ ಎಂಬುದು ಚರಿತ್ರೆಯ ವಿನೋದ.

ಆದರೂ ಒಂದು ಕೊರತೆ ಉಳಿದಿತ್ತು. ರೇಜರ್ ಒಂದೇ, ಮುಖಗಳು ಹಲವು. ಎಳೆಯ ಮೀಸೆಯ ಹುಡುಗನಿಗೂ, ಬಿರುಸು ಗಡ್ಡದ ರೈತನಿಗೂ ಅಲಗು ಒಂದೇ ರೀತಿ ತಾಗಿದರೆ ಹೇಗೆ? 1958ರಲ್ಲಿ ಗಿಲೆಟ್ ಕಂಪನಿ ಹೊಂದಿಸಬಹುದಾದ ರೇಜರನ್ನು ಮಾರುಕಟ್ಟೆಗೆ ತಂದಿತು. ಬೆಲೆ ಒಂದು ಡಾಲರ್ 95 ಸೆಂಟ್. ಅದರಿಂದಲೇ ‘195’ ಎಂಬ ಹೆಸರು. ದಪ್ಪ ಹಿಡಿಯನ್ನು ಕಂಡ ಸಂಗ್ರಾಹಕರು ‘ಫ್ಯಾಟ್‌ಬಾಯ್’ ಎಂದು ಕರೆದರು. ಹಿಡಿಯ ತುದಿಯ ಗುಂಡಿಯನ್ನು ತಿರುಗಿಸಿದರೆ ಮೇಲಿನ ಎರಡು ಬಾಗಿಲುಗಳು ದೇವರ ಗೂಡಿನಂತೆ ತೆರೆದುಕೊಳ್ಳುತ್ತವೆ. ಬ್ಲೇಡನ್ನಿಟ್ಟು ಮುಚ್ಚಬೇಕು. ಕತ್ತಿನ ಬಳೆಯ ಮೇಲೆ 1ರಿಂದ 9ರವರೆಗೆ ಅಂಕಿಗಳು. ಅಂಕಿ ಏರಿದಂತೆ ತಡೆಪಟ್ಟಿ ಕೆಳಗಿಳಿದು, ಬ್ಲೇಡಿಗೂ ಅದಕ್ಕೂ ನಡುವಣ ಸಂದು ಹಿಗ್ಗುತ್ತದೆ. ಅಲಗು ಹೆಚ್ಚು ಬಿರುಸಾಗಿ ಹೆರೆಯುತ್ತದೆ. 1961ರಲ್ಲಿ ಇದರ ಸ್ಥಾನಕ್ಕೆ ತೆಳು ಹಿಡಿಯ ‘ಸ್ಲಿಮ್’ ಬಂತು.

ನಮ್ಮ ರೇಜರಿನ ತಲೆಯ ಅಡಿಯಲ್ಲಿ ‘ಎಫ್’ ಎಂಬ ಅಕ್ಷರವೂ 2 ಎಂಬ ಅಂಕಿಯೂ ಕೊರೆದಿವೆ. 1960ರ ಎರಡನೆಯ ತ್ರೈಮಾಸಿಕದಲ್ಲಿ ತಯಾರಾದದ್ದೆಂದು ಅದರರ್ಥ. ಹಿತ್ತಾಳೆಯ ಮೇಲಿನ ನಿಕಲ್ ಲೇಪ ಅಂಚುಗಳಲ್ಲಿ ಸವೆದಿದೆ, ಅಷ್ಟೆ. ನಮ್ಮೂರಿನ ಅಂಗಡಿಯಲ್ಲಿ ಇಂದು ಕೊಂಡ ಎರಡಂಚಿನ ಬ್ಲೇಡು ಕೂಡ ಅದಕ್ಕೆ ಸರಿಯಾಗಿ ಕೂರುತ್ತದೆ. 1971ರಲ್ಲಿ ಇದೇ ಕಂಪನಿ ಎರಡಲಗಿನ ಕಾರ್ಟ್ರಿಜ್ ತಂದ ಮೇಲೆ ಈ ಸ್ವಾತಂತ್ರ್ಯ ಕುಗ್ಗಿತು. ಆಯಾ ಹಿಡಿಗೆ ಆಯಾ ಕಾರ್ಟ್ರಿಜ್ಜನ್ನೇ ಕೊಳ್ಳಬೇಕಾಯಿತು. ಹಳೆಯ ರೇಜರುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿರುವುದು ಬರಿಯ ಹಳಮೆಯ ಮೋಹದಿಂದಲ್ಲ.

ಸೋದರಮಾವನವರ ಕೊನೆಯ ವರ್ಷದಲ್ಲಿ ಅವರ ಕೈ ನಡುಗುತ್ತಿತ್ತು. ಅವರಿಗೆ ನಾನೇ ಕ್ಷೌರ ಮಾಡುತ್ತಿದ್ದೆ. ಮೊದಲ ದಿನ, ಬಳೆ ಅವರು ಎಂದಿನಂತೆ ಇಟ್ಟಿದ್ದ 7ರಲ್ಲಿಯೇ ಇತ್ತು. ನಾನು ನೋಡದೆ ಎಳೆದೆ. ಗದ್ದದ ಕೆಳಗೆ ನೊರೆ ಕೆಂಪಾಯಿತು. ನನ್ನ ಕೈ ಅಲ್ಲಿಯೇ ನಿಂತಿತು. ಅವರು ಮಾತ್ರ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಗಾಬರಿಯಾಗಬೇಡಪ್ಪಾ. ಮೂರಕ್ಕೆ ಇಳಿಸು. ಏಳು ನನ್ನ ನಲವತ್ತರ ಲೆಕ್ಕ.”

ಹಣ್ಣಾದ ಚರ್ಮ ಸಡಿಲವಾಗಿ ಅಲಗಿಗೆ ಸಿಲುಕುತ್ತದೆಂಬುದು ನನಗೆ ತಿಳಿದಿರಲಿಲ್ಲ. ಬಳೆಯನ್ನು ತಿರುಗಿಸಿದೆ. ಮುಂದಿನ ತಿಂಗಳುಗಳಲ್ಲಿ 3 ಕೂಡ ಹೆಚ್ಚಾಗಿ, 2ಕ್ಕೆ ಬಂದೆವು. ಕಡೆಯ ಬಾರಿ ಅವರ ಮುಖ ತೊಳೆದು ಒರೆಸಿದಾಗ ಅದು 1ರಲ್ಲಿತ್ತು. ಅದಕ್ಕಿಂತ ಕೆಳಗೆ ಅಂಕಿಯಿಲ್ಲ.

ಬಹುಕಾಲ ನಾನು ಅದನ್ನು ಮುಟ್ಟಲಿಲ್ಲ. ಈಗ ದಿನವೂ ಬಳಸುತ್ತೇನೆ. ನಿವೃತ್ತನಾದ ಹೊಸದರಲ್ಲಿ 6ರಲ್ಲಿ ಇಡುತ್ತಿದ್ದೆ. ಹೋದ ಚಳಿಗಾಲದಿಂದ 4 ಸಾಕಾಗಿದೆ.